ಹಳೆ ಕಾರಿಗೆ ಒಳ್ಳೆ ಕಾರಣ ಬೇಕಿಲ್ಲ

ಕಳೆದ ತಿಂಗಳು ವಿಭಾಗದಲ್ಲಿ ಚಹಾ ಕುಡಿಯುತ್ತಿದ್ದಾಗ ಹಿರಿಯ ಅಧ್ಯಾಪಕರೊಬ್ಬರು ಕಿಟಕಿಯಾಚೆ ನೋಡುತ್ತಾ, "ಆ ಕೆಂಪು ಕಾರು ನಿಂದೇನಮ್ಮಾ?" ಎಂದು ಕೇಳಿದರು. ಹೌದೆಂದೆ. "ಇಪ್ಪತ್ತು ವರ್ಷ ಆಗಿರಬೇಕಲ್ಲ ಅದಕ್ಕೆ. ನಿನ್ನ ಫೆಲೋಶಿಪ್ಪೆಲ್ಲ ರಿಪೇರಿಗೇ ಹೋಗುತ್ತೆ. ಯಾಕೆ ಇಟ್ಕೊಂಡಿದೀಯ?" ನನ್ನ ಬಾಯಿಂದ ತಾನಾಗಿ ಬಂದ ಉತ್ತರ: "ಅಪ್ಪಂದು ಸರ್." ಅವರ ಮುಖ ಕೂಡಲೇ ಮೆತ್ತಗಾಯಿತು. "ಓ, ಹಾಗಾದ್ರೆ ಇಟ್ಕೋ. ನೆನಪು ಅಂದ್ರೆ ನೆನಪೇ," ಎಂದು ನನ್ನ ಕಡೆ ಬಿಸ್ಕತ್ತಿನ ತಟ್ಟೆ ಸರಿಸಿದರು.

ಅಪ್ಪ ಬದುಕಿದ್ದಾನೆ. ಆ ಹೊತ್ತಿಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕೂತು ನಿನ್ನೆಯ ಪೇಪರನ್ನು ಎರಡನೇ ಸಲ ಓದುತ್ತಿದ್ದಿರಬೇಕು. ನಾನು ಸುಳ್ಳೇನೂ ಹೇಳಲಿಲ್ಲ, ಕಾರು ಅಪ್ಪನದೇ. ಆದರೆ ಆ ಎರಡು ಪದಗಳಿಗೆ ಸಿಗುವ ರಿಯಾಯಿತಿ ನನಗೆ ಗೊತ್ತಿತ್ತು, ಗೊತ್ತಿದ್ದೇ ಬಳಸಿಕೊಂಡೆ. ಹೇಳಬೇಕಾಗಿದ್ದ ಉತ್ತರ ಇಷ್ಟೇ: "ಓಡಿಸೋಕೆ ಬಹಳ ಚೆನ್ನಾಗಿರುತ್ತೆ ಸರ್." ಇಪ್ಪತ್ತೆಂಟು ವರ್ಷದ, ಮದುವೆಯಾಗದ, ಪ್ರಬಂಧ ಮುಗಿಸದ ಹುಡುಗಿ ಹಾಗೆ ಹೇಳಿದ್ದರೆ ಬಿಸ್ಕತ್ತಿನ ತಟ್ಟೆ ಇದ್ದಲ್ಲೇ ಇರುತ್ತಿತ್ತು ಎಂದು ನನ್ನ ಅಂದಾಜು. ಈ ಬರಹ ಆ ದಿನ ನುಂಗಿಕೊಂಡ ಉತ್ತರದ್ದು.

ಕಾರು 2004ರ ಫಿಯೆಟ್ ಪಾಲಿಯೊ 1.6 ಜಿಟಿಎಕ್ಸ್. ಪಾಲಿಯೊ ಭಾರತಕ್ಕೆ ಬಂದದ್ದು 2001ರಲ್ಲಿ. ಅದರ ಜಾಹೀರಾತಿನಲ್ಲಿ ಸಚಿನ್ ತೆಂಡೂಲ್ಕರ್ ಇದ್ದದ್ದು ಕೆಲವರಿಗಾದರೂ ನೆನಪಿರಬಹುದು. ಜನ ಕೊಂಡದ್ದು ಹೆಚ್ಚಾಗಿ 1.2 ಲೀಟರಿನ ಎಂಜಿನ್ನನ್ನು. ಜಿಟಿಎಕ್ಸ್‌ನಲ್ಲಿದ್ದದ್ದು 1596 ಸಿಸಿ, ಹದಿನಾರು ವಾಲ್ವ್, ಸುಮಾರು 100 ಅಶ್ವಶಕ್ತಿ. ನಮ್ಮೂರಿನ ಅರ್ಧದಷ್ಟು ಕಾರುಗಳು ಮಾರುತಿ 800 ಆಗಿದ್ದ, ಅವುಗಳ ಶಕ್ತಿ 40ರ ಆಸುಪಾಸಿನಲ್ಲಿದ್ದ ಕಾಲವದು. ಒಂದು ಪುಟ್ಟ ಕಾರಿನೊಳಗೆ ಅಷ್ಟು ದೊಡ್ಡ ಎಂಜಿನ್ ಇಡುವುದು ಯಾವ ಸಂಸಾರಸ್ಥನ ಲೆಕ್ಕಕ್ಕೂ ಸಿಗದ ಕೆಲಸ. "ಎಷ್ಟು ಕೊಡುತ್ತೆ?" ಎಂಬ ಪ್ರಶ್ನೆಗೆ ಊರೊಳಗೆ ಒಂಬತ್ತು, ಹೆದ್ದಾರಿಯಲ್ಲಿ ಹನ್ನೆರಡು ಎಂದು ಉತ್ತರ ಕೊಡುವ ಕಾರನ್ನು ಎರಡನೇ ಕೈಯಲ್ಲಿ ಯಾರೂ ಮುಟ್ಟುವುದಿಲ್ಲ. ಹಾಗಾಗಿಯೇ 2011ರಲ್ಲಿ, ಏಳು ವರ್ಷ ಹಳೆಯದಾಗಿದ್ದ ಇದನ್ನು, ಹೈಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪ ಬೆಂಗಳೂರಿನಿಂದ 1,35,000 ರೂಪಾಯಿಗೆ ತಂದ. ಶಕ್ತಿಯುತ ಕಾರುಗಳು ನಮ್ಮಂಥವರ ಅಂಗಳಕ್ಕೆ ಬರುವ ದಾರಿ ಇದೊಂದೇ. ಮೊದಲ ಮಾಲೀಕ ನಷ್ಟ ಹೊತ್ತುಕೊಳ್ಳಬೇಕು, ಎರಡನೆಯವನು ರಿಪೇರಿ ಹೊತ್ತುಕೊಳ್ಳಬೇಕು.

ಅಪ್ಪ ತಂದ ದಿನದಿಂದ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಶಾಲೆಯ ಹಾಜರಿ ಪುಸ್ತಕದ ಥರ ಗೆರೆ ಎಳೆದು ತಾರೀಕು, ಕಿಲೋಮೀಟರ್, ಕೆಲಸ, ಖರ್ಚು ಎಂದು ನಾಲ್ಕು ಕಾಲಂ. ಮೊಣಕಾಲು ನೋವು ಜೋರಾಗಿ ಕ್ಲಚ್ ತುಳಿಯಲು ಆಗದಂತಾದಾಗ ಕೀಲಿಯ ಜೊತೆ ಆ ನೋಟ್‌ಬುಕ್ಕನ್ನೂ ನನಗೆ ಕೊಟ್ಟ. ನನ್ನ ಸಂಶೋಧನೆ ಮಲೆನಾಡಿನ ಕಡತಗಳ ಮೇಲೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಚಿ, ಬಳಪದಲ್ಲಿ ಬರೆದಿಟ್ಟ ಹಳೆಯ ಲೆಕ್ಕದ ಪುಸ್ತಕಗಳು. ಅಂದರೆ ಬೇರೆಯವರ ಖರ್ಚುವೆಚ್ಚ ಓದುವುದೇ ನನ್ನ ವೃತ್ತಿ. ಆದರೂ ಮನೆಯದೇ ಕಡತವನ್ನು ನಾನು ಸರಿಯಾಗಿ ಓದಿರಲಿಲ್ಲ ಎಂಬುದು ಈಚೆಗೆ ಗೊತ್ತಾಯಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಳೆ ಕಾರು ಇಟ್ಟುಕೊಂಡವರು ಹೇಳುವ ಕಾರಣಗಳಲ್ಲಿ ಹೆಚ್ಚಿನವು ಟೊಳ್ಳು. ನಾನೂ ಅವನ್ನೆಲ್ಲ ಒಂದಲ್ಲ ಒಂದು ಸಲ ಹೇಳಿದವಳೇ ಆದ್ದರಿಂದ ಹೊಡೆಯುವ ಹಕ್ಕು ನನಗಿದೆ.

ಒಂದು, ಪರಿಸರದ ಕಾರಣ. ಹೊಸ ಕಾರು ತಯಾರಿಸಲು ಉಕ್ಕು, ಪ್ಲಾಸ್ಟಿಕ್, ವಿದ್ಯುತ್ ಬೇಕು, ಇರುವುದನ್ನೇ ಓಡಿಸಿದರೆ ಅದೆಲ್ಲ ಉಳಿಯುತ್ತದೆ ಎಂಬ ವಾದ. ಉಕ್ಕಿನ ಮಟ್ಟಿಗೆ ಅದು ಸರಿ. ಆದರೆ ನನ್ನ ಕಾರು ಭಾರತ್ ಸ್ಟೇಜ್ 6 ಬರುವುದಕ್ಕೆ ಹದಿನಾರು ವರ್ಷ ಮೊದಲಿನದು. ಅದರ ಹೊಗೆಯನ್ನು ಇವತ್ತಿನ ಕಾರಿನ ಹೊಗೆಯ ಪಕ್ಕ ಇಟ್ಟು ನಾನು ಪರಿಸರಪ್ರೇಮಿ ಎಂದು ಹೇಳಿಕೊಳ್ಳಲು ನನಗೆ ನಾಚಿಕೆ. ಹೊಗೆ ತಪಾಸಣೆಯ ಚೀಟಿ ಇದೆ, ನಿಜ. ಆ ಚೀಟಿ ಹೇಳುವುದು ನನ್ನ ಕಾರು ಅದರ ಕಾಲದ ಮಿತಿಯೊಳಗಿದೆ ಎಂದಷ್ಟೆ.

ಇನ್ನೊಂದು ಉಳಿತಾಯದ ಕಾರಣ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಇದು ಪೂರ್ತಿ ಸುಳ್ಳೂ ಅಲ್ಲ, ನಿಜವೂ ಅಲ್ಲ. ನೋಟ್‌ಬುಕ್ಕಿನ ಪ್ರಕಾರ ಹದಿನಾಲ್ಕು ವರ್ಷಗಳಲ್ಲಿ ಪೆಟ್ರೋಲ್ ಬಿಟ್ಟು ಕಾರಿಗೆ ಸುರಿದದ್ದು 4,62,000 ರೂಪಾಯಿ. ವರ್ಷಕ್ಕೆ 33,000, ತಿಂಗಳಿಗೆ 2,750. ಬೆಂಗಳೂರಿನಲ್ಲಿರುವ ತಮ್ಮ ಪದೇ ಪದೇ ತೋರಿಸುವ ಹೊಸ ಸಣ್ಣ ಕಾರಿಗೆ ಎಂಟು ಲಕ್ಷ ಸಾಲ ಮಾಡಿದರೆ, ಒಂಬತ್ತೂವರೆ ಪರ್ಸೆಂಟ್ ಬಡ್ಡಿಯಲ್ಲಿ ಏಳು ವರ್ಷ ತಿಂಗಳಿಗೆ 13,000 ರೂಪಾಯಿ ಕಂತು. ವರ್ಷಕ್ಕೆ ನಾನು ಓಡಿಸುವುದು ಐದು ಸಾವಿರ ಕಿಲೋಮೀಟರ್. ನನ್ನದು ಲೀಟರಿಗೆ ಹತ್ತು, ಹೊಸದು ಇಪ್ಪತ್ತು ಎಂದಿಟ್ಟುಕೊಂಡರೆ ನಾನು ಹೆಚ್ಚಿಗೆ ಸುಡುವುದು 250 ಲೀಟರ್, ತಿಂಗಳಿಗೆ ಎರಡು ಸಾವಿರದ ಚಿಲ್ಲರೆ. ಎರಡೂ ಸೇರಿ ಐದು ಸಾವಿರದ ಒಳಗೇ ಆಯಿತು. ನೋಡು, ಎಷ್ಟು ಉಳಿಯಿತು ಎಂದು ತಮ್ಮನೆದುರು ಗೆದ್ದ ಮುಖ ಮಾಡಿದ್ದೆ.

"ಅಕ್ಕಾ, ದಿನಾ ಓಡ್ಸಿ ನೋಡು," ಎಂದ ಅವನು. ಸರಿಯಾಗಿಯೇ ಹೇಳಿದ. ವರ್ಷಕ್ಕೆ ಹದಿನೈದು ಸಾವಿರ ಓಡಿಸಿದರೆ ಪೆಟ್ರೋಲಿನ ವ್ಯತ್ಯಾಸ ಮೂರು ಪಟ್ಟು, ಸವೆತವೂ ಬೇಗ, ನನ್ನ ಗೆಲುವು ಅಲ್ಲಿಗೇ ಮುಗಿಯಿತು. ಅವನ ಕಂತು ಏಳು ವರ್ಷಕ್ಕೆ ನಿಲ್ಲುತ್ತದೆ, ನನ್ನ ನೋಟ್‌ಬುಕ್ ನಿಲ್ಲುವುದಿಲ್ಲ. ಇದಕ್ಕಿಂತ ದೊಡ್ಡ ಪೆಟ್ಟು ಅವನಿಗೆ ಹೊಳೆಯದೇ ಹೋದದ್ದು. ನಾನು ಕರ್ನಾಟಕದಲ್ಲಿರುವ ಹೆಣ್ಣು. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನನಗೆ ಟಿಕೆಟ್ಟಿನ ಬೆಲೆ ಸೊನ್ನೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರನ್ನು ಸೊನ್ನೆ ರೂಪಾಯಿಗೆ ಹೋಗಬಲ್ಲವಳು ಆರು ಲೀಟರ್ ಪೆಟ್ರೋಲ್ ಸುಟ್ಟುಕೊಂಡು ಹೋಗಿ 'ಉಳಿತಾಯ' ಎಂಬ ಪದ ಬಳಸುವುದಕ್ಕೆ ಮುಖ ದಪ್ಪ ಇರಬೇಕು.

ಕ್ಷೇತ್ರಕಾರ್ಯಕ್ಕೆ ಬೇಕು ಎಂದೂ ಹೇಳಿದ್ದೇನೆ. ಕಡತ ಇರುವ ಮನೆಗಳಲ್ಲಿ ಎಷ್ಟೋ ಊರುಗಳಿಗೆ ದಿನಕ್ಕೆ ಎರಡೇ ಬಸ್ಸು. ಅದೂ ಪೂರ್ತಿ ಕಾರಣವಲ್ಲ. ಹಳೆಯ ಸ್ಕೂಟಿ ಇದ್ದಿದ್ದರೂ ಆ ಕೆಲಸ ಆಗುತ್ತಿತ್ತು, ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ.

ಕೊನೆಗೆ ಉಳಿಯುವುದು ಅಪ್ಪನ ನೆನಪು. ನನ್ನ ನಿಜವಾದ ಜಗಳ ಇದರ ಜೊತೆ. ನಮ್ಮ ಸಾಹಿತ್ಯ ವಲಯದಲ್ಲಿ ಹಳೆಯದನ್ನು ಪ್ರೀತಿಸಲು ಪರವಾನಗಿ ಸುಲಭವಾಗಿ ಸಿಗುತ್ತದೆ, ಆದರೆ ಅದಕ್ಕೊಂದು ಷರತ್ತಿದೆ. ಹಳೆಯದು ಓಡಬಾರದು. ತೊಟ್ಟಿಮನೆ, ಹಿತ್ತಾಳೆ ಹಂಡೆ, ಬೀಸುವ ಕಲ್ಲು, ತಾಳೆಗರಿ ಇವುಗಳ ಬಗ್ಗೆ ಎಷ್ಟು ಬೇಕಾದರೂ ಕರಗಬಹುದು. ಯಂತ್ರ ಮಾತ್ರ ನಮ್ಮ ಬರಹಗಳಲ್ಲಿ ಊರು ಹಾಳುಮಾಡಲು ಬರುವ ಖಳನಾಯಕ. ಹೊಲ ನುಂಗುತ್ತದೆ, ಕಾಡು ಕಡಿಯುತ್ತದೆ, ಮಗನನ್ನು ಪೇಟೆಗೆ ಒಯ್ಯುತ್ತದೆ. ಕನ್ನಡದ ದೊಡ್ಡ ಬರಹಗಾರರು ಇಷ್ಟು ಸಣ್ಣ ಮನಸ್ಸಿನವರಾಗಿರಲಿಲ್ಲ. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಮಲೆನಾಡಿಗೆ ಬರುವ ಬೈಸಿಕಲ್ಲು ಜನರ ಬಾಯಲ್ಲಿ 'ಬೀಸೆಕಲ್ಲು' ಆಗುತ್ತದೆ. ಹೊಸ ಯಂತ್ರವನ್ನು ಹಳೆಯ ಅಡುಗೆಮನೆಯ ಪದಕ್ಕೆ ಎಳೆದುಕೊಂಡ ಆ ಜನರಲ್ಲಿ ಭಯದ ಜೊತೆಗೆ ಎಷ್ಟು ಆಸೆ ಇತ್ತು ಎಂಬುದನ್ನು ಕುವೆಂಪು ಬಲ್ಲರು. ತೇಜಸ್ವಿಯವರಂತೂ ಸ್ಕೂಟರು, ಕ್ಯಾಮೆರಾ, ಕಂಪ್ಯೂಟರುಗಳ ಮೈಯನ್ನು ಬಿಚ್ಚಿ ನೋಡುವ ಕುತೂಹಲವನ್ನು ಎಂದೂ ಮುಚ್ಚಿಟ್ಟವರಲ್ಲ. ಅವರ ಫೋಟೋ ಗೋಡೆಗೆ ಹಾಕಿಕೊಂಡ ನಾವು ಗ್ರೀಸ್ ಹತ್ತಿದ ಕೈ ಕಂಡರೆ ಮೂಗು ಮುರಿಯುತ್ತೇವೆ. ತೇಜಸ್ವಿಯವರಿಂದ ನಾವು ಹಕ್ಕಿಗಳನ್ನು ತೆಗೆದುಕೊಂಡೆವು, ಸ್ಪ್ಯಾನರ್ ಬಿಟ್ಟೆವು.

ಗಂಡಸರಿಗೆ ಈ ಷರತ್ತು ಅಷ್ಟು ಬಿಗಿಯಲ್ಲ. ಅಪ್ಪ ಈ ಕಾರು ತಂದಾಗ ಊರವರು ಹೇಳಿದ್ದು "ಮೇಷ್ಟ್ರಿಗೆ ಗಾಡಿ ಹುಚ್ಚು" ಎಂದು. ಹೇಳುವಾಗ ನಗುತ್ತಿದ್ದರು. ಆ ಹುಚ್ಚು ಒಂದು ಗುಣ, ಅದರಲ್ಲೊಂದು ಲಕ್ಷಣವಿತ್ತು. ಅದೇ ಕಾರಿನಲ್ಲಿ ನಾನು ಬಂದರೆ ಹುಚ್ಚು ಎನ್ನುವುದಿಲ್ಲ, "ಅಪ್ಪನ ಮೇಲೆ ಎಷ್ಟು ಪ್ರೀತಿ ನೋಡು" ಎನ್ನುತ್ತಾರೆ. ಹೆಣ್ಣಿಗೆ ನೆನಪು ಒಪ್ಪುತ್ತದೆ, ಮೋಜು ಒಪ್ಪುವುದಿಲ್ಲ. ಗ್ಯಾರೇಜಿಗೆ ಮೊದಲ ಸಲ ಒಬ್ಬಳೇ ಹೋದಾಗ "ಸಾರ್ ಬರ್ಲಿಲ್ವಾ?" ಎಂದು ಕೇಳಿದ್ದರು. ಎರಡನೇ ಸಲ ಚಿಕ್ಕಪ್ಪನ ಮಗ ಜೊತೆಗಿದ್ದ. ಅವನಿಗೆ ಬಾನೆಟ್ ತೆರೆಯುವುದು ಎಲ್ಲಿ ಎಂದೂ ಗೊತ್ತಿಲ್ಲ. ಇಡೀ ವಿವರಣೆಯನ್ನು ಭಾಯ್ ಅವನ ಮುಖ ನೋಡಿಯೇ ಕೊಟ್ಟರು. ಅವನು ಪಾಪ ಹೂಂ ಹೂಂ ಎನ್ನುತ್ತಾ ನಿಂತಿದ್ದ.

ಭಾಯ್ ಬಗ್ಗೆ ಅಷ್ಟೇ ಹೇಳಿ ಬಿಟ್ಟರೆ ಅನ್ಯಾಯವಾಗುತ್ತದೆ. ಮೂರನೇ ಸಲ ಎಂಜಿನ್ ಬಿಸಿಯಾಗುತ್ತಿದೆ ಎಂದು ಒಯ್ದಾಗ, ನಾನು ಮುಳ್ಳು ಯಾವಾಗ ಏರುತ್ತದೆ, ಏರು ಹತ್ತುವಾಗಲೋ ಟ್ರಾಫಿಕ್ಕಿನಲ್ಲಿ ನಿಂತಾಗಲೋ, ಹೀಟರ್ ಹಾಕಿದರೆ ಇಳಿಯುತ್ತದೆಯೋ ಎಂದೆಲ್ಲ ಬರೆದುಕೊಂಡು ಹೋಗಿದ್ದೆ. ಅವರು ಚೀಟಿ ಓದಿದರು, ಮಾತಾಡಲಿಲ್ಲ. ಥರ್ಮೋಸ್ಟಾಟ್ ಬಿಚ್ಚಿ, ಚಹಾ ಕಾಸುವ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಬಿಟ್ಟು ನನ್ನನ್ನು ಕರೆದರು. ಸರಿಯಿದ್ದರೆ ನೀರು ಕುದಿಯುವ ಮೊದಲೇ ಅದರ ಬಾಯಿ ತೆರೆದುಕೊಳ್ಳಬೇಕು. ನೀರು ಕೊತಕೊತ ಕುದಿದರೂ ಅದು ಮುಚ್ಚಿಕೊಂಡೇ ಇತ್ತು. "ನೋಡಿ ಅಮ್ಮಾ, ಇವ್ನು ಬಾಗ್ಲು ತೆಗೀತಿಲ್ಲ," ಎಂದರು. ಅಂದಿನಿಂದ ಅವರು ನನ್ನ ಮುಖ ನೋಡಿಯೇ ಮಾತಾಡುತ್ತಾರೆ. ಆ ಪಾತ್ರೆಯಲ್ಲಿ ಆಮೇಲೆ ಚಹಾ ಮಾಡಿದರೋ ಇಲ್ಲವೋ ಕೇಳಲಿಲ್ಲ, ಕೊಟ್ಟ ಚಹಾ ಕುಡಿದೆ.

ಹಳೆ ಕಾರು ಸಾಯುವುದು ಕಬ್ಬಿಣದಿಂದ ಎಂದು ಹೊರಗಿನವರು ತಿಳಿದಿದ್ದಾರೆ. ಸಾಯುವುದು ರಬ್ಬರಿನಿಂದ. ಎಂಜಿನ್ನಿನ ಬ್ಲಾಕು ಇನ್ನೂ ಇಪ್ಪತ್ತು ವರ್ಷ ಇರಬಹುದು. ಆದರೆ ಅದನ್ನು ಹೊತ್ತ ಮೌಂಟಿಂಗು, ಸಸ್ಪೆನ್ಷನ್ನಿನ ಬುಷ್ಷು, ರೇಡಿಯೇಟರಿನ ಹೋಸು, ಬಾಗಿಲಿನ ಬೀಡಿಂಗು, ಆಯಿಲ್ ಸೀಲು ಇವೆಲ್ಲ ಓಡಿಸಿದರೂ ಓಡಿಸದಿದ್ದರೂ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಟೈಮಿಂಗ್ ಬೆಲ್ಟ್‌ಗೆ ಕಿಲೋಮೀಟರಿನ ಗಡುವಿದ್ದಂತೆ ವರ್ಷದ ಗಡುವೂ ಇದೆ. ಅದು ಹರಿದರೆ ಇಂಥ ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು, ಕೆಲವು ಸಾವಿರದ ಬೆಲ್ಟು ಅರ್ಧ ಲಕ್ಷದ ಕೆಲಸ ತಂದಿಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ತಯಾರಾದ ವಾರ ಮತ್ತು ವರ್ಷ. ಗುಂಡಿ ಸವೆಯದಿದ್ದರೂ ಆ ಅಂಕಿ ಹಳೆಯದಾದರೆ ಬದಲಿಸಬೇಕು. 'ಇಟ್ಟಿದ್ದೇನೆ, ಓಡಿಸುವುದಿಲ್ಲ, ಹಾಗಾಗಿ ಖರ್ಚಿಲ್ಲ' ಎನ್ನುವವರು ಈ ರಬ್ಬರಿನ ವಿಷಯ ತಿಳಿಯದವರು. ನಿಂತ ಕಾರಿಗೆ ಇಲಿಯ ಖರ್ಚು ಬೇರೆ. ಒಂದು ಆಷಾಢದಲ್ಲಿ ನಮ್ಮ ಕಾರಿನ ವೈರಿಂಗನ್ನು ಇಲಿಗಳು ಎಷ್ಟು ಚೆನ್ನಾಗಿ ಸಂಪಾದನೆ ಮಾಡಿದ್ದವೆಂದರೆ ನನ್ನ ಮಾರ್ಗದರ್ಶಕರೂ ನನ್ನ ಅಧ್ಯಾಯವನ್ನು ಅಷ್ಟು ಕತ್ತರಿಸಿರಲಿಲ್ಲ.

ಆ ರಬ್ಬರಿಗೆ ಈಗ ಎಥನಾಲ್ ಸೇರಿಕೊಂಡಿದೆ. ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದೇ. ಮೈಲೇಜು ಸ್ವಲ್ಪ ಇಳಿಯುತ್ತದೆ ಎಂಬುದು ಯಾರ ದೂರೂ ಅಲ್ಲ, ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ಕಾರುಗಳಿಗೆ ಶೇಕಡ 6ರಿಂದ 7ರಷ್ಟು ಇಳಿಕೆ ಎಂದಿತ್ತು. ಕಬ್ಬು ಬೆಳೆಯುವವರಿಗೆ ಇದರಿಂದ ಒಳ್ಳೆಯದಾಗಬಹುದು, ಹೊರದೇಶದ ಎಣ್ಣೆ ತರುವುದು ತಗ್ಗಬಹುದು. ನನ್ನ ತಕರಾರು ಆ ಉದ್ದೇಶದ ಮೇಲಲ್ಲ. ಎಥನಾಲ್ ಬೆರೆಯದ ಕಾಲಕ್ಕೆಂದು ಮಾಡಿದ ಹೋಸುಗಳನ್ನು ಬದಲಿಸುವ ಖರ್ಚು ಯಾರದು ಎಂಬ ಪ್ರಶ್ನೆ ಎತ್ತಿದರೆ "ಹಳೇ ಗಾಡಿ ಯಾರು ಇಟ್ಕೋ ಅಂದ್ರು?" ಎಂಬ ಉತ್ತರ ಬರುತ್ತದಲ್ಲ, ಆ ಉತ್ತರದ ಮೇಲೆ.

ಕಾನೂನೂ ಬಹುಮಟ್ಟಿಗೆ ಇದೇ ದನಿಯಲ್ಲಿ ಮಾತಾಡುತ್ತದೆ. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇತ್ತು, ಅಲ್ಲಿಂದ 5,000. 2024ರಲ್ಲಿ ನಾನು ಕಟ್ಟಿದ್ದು ಅದು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಆಯಿತು, ಹಾಗಾಗಿ 2029ಕ್ಕೆ ನನಗೆ ಕಾದಿರುವುದು ಅದು. ವಿಮೆಯದ್ದು ಇನ್ನೊಂದು ತಮಾಷೆ. 2022ರಲ್ಲಿ ನಿಗದಿಯಾದ ಮೂರನೇ ವ್ಯಕ್ತಿ ವಿಮೆಯ ದರ, ತೆರಿಗೆ ಬಿಟ್ಟು, 1000ದಿಂದ 1500 ಸಿಸಿವರೆಗೆ 3,416 ರೂಪಾಯಿ, 1500 ದಾಟಿದರೆ 7,897. ನನ್ನದು ದಾಟಿರುವುದು 96 ಸಿಸಿ. ಆ 96 ಸಿಸಿಗೆ ಪ್ರತಿ ವರ್ಷ 4,481 ರೂಪಾಯಿ, ಅಂದರೆ ಒಂದೊಂದು ಸಿಸಿಗೆ ಹತ್ತಿರ 47 ರೂಪಾಯಿ. ಆಗುಂಬೆ ಘಾಟಿ ಹತ್ತುವಾಗ ಆ 96 ಸಿಸಿ ಎಲ್ಲಿದೆ ಎಂದು ನನಗೆ ಗೊತ್ತಾಗುತ್ತದೆ, ಅದು ಬೇರೆ ಮಾತು.

2025ರ ಜುಲೈ 1ರಂದು ದೆಹಲಿಯಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ, ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ಬಂಕಿನಲ್ಲಿ ಇಂಧನ ಹಾಕಬಾರದೆಂಬ ನಿಯಮ ಶುರುವಾಗಿ, ಗಲಾಟೆಯಾಗಿ, ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಿತು. ದೆಹಲಿಯ ಗಾಳಿ ಉಸಿರಾಡದ ನಾನು ಆ ಊರಿನವರಿಗೆ ಬುದ್ಧಿ ಹೇಳಲಾರೆ. ಮಕ್ಕಳ ಶ್ವಾಸಕೋಶ ನನ್ನ ಎರಡನೇ ಗೇರಿಗಿಂತ ದೊಡ್ಡದು. ಆದರೆ ವಾಹನವನ್ನು ಪರೀಕ್ಷಿಸದೆ ಅದರ ಹುಟ್ಟಿದ ವರ್ಷ ನೋಡಿ ತೀರ್ಪು ಕೊಡುವುದು ಸೋಮಾರಿತನ. ಹೊಗೆ ಅಳೆಯಿರಿ, ಬ್ರೇಕು ಅಳೆಯಿರಿ, ತಳದ ತುಕ್ಕಿಗೆ ಸುತ್ತಿಗೆಯಿಂದ ಬಡಿದು ನೋಡಿ. ನನ್ನ ಕಾರು ಅದರಲ್ಲಿ ಫೇಲಾದರೆ ನಾನೇ ಗುಜರಿಗೆ ಒಯ್ಯುತ್ತೇನೆ. ವರ್ಷಕ್ಕೆ ಐದು ಸಾವಿರ ಓಡುವ, ಕಾಲಕಾಲಕ್ಕೆ ಕೆಲಸ ಮಾಡಿಸಿಕೊಂಡ ಕಾರನ್ನೂ ಎಂಟೇ ವರ್ಷದಲ್ಲಿ ಮೂರು ಲಕ್ಷ ಓಡಿ ಬಸವಳಿದ ಗಾಡಿಯನ್ನೂ ವಯಸ್ಸಿನ ಒಂದೇ ಅಳತೆಗೋಲಿನಿಂದ ಅಳೆದರೆ ಮೊದಲನೆಯದೇ ಕೆಟ್ಟದ್ದು ಎಂದು ಬರುತ್ತದೆ.

ಇಷ್ಟೆಲ್ಲ ಹೇಳಿ ಮೋಜು ಯಾವುದು ಎಂದೇ ಹೇಳಲಿಲ್ಲ. ಹಳೆ ಕಾರು ತಾಳ್ಮೆ ಕಲಿಸುತ್ತದೆ ಎಂಬ ಪ್ರಬಂಧಗಳನ್ನು ಓದಿದ್ದೇನೆ. ನನಗೆ ಅದು ಕಲಿಸಿದ್ದು ಸಿಟ್ಟು ಮತ್ತು ಟಾರ್ಚ್ ಹಿಡಿಯುವ ಸರಿಯಾದ ಕ್ರಮ. ಮೋಜು ಬೇರೆ ಕಡೆ ಇದೆ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಅಕ್ಟೋಬರಿನ ಬೆಳಗಿನ ಆರೂವರೆ, ಮಂಜು ಬಿಟ್ಟಿರುತ್ತದೆ, ರಸ್ತೆ ಒಣಗಿರುತ್ತದೆ, ಮೇಲಿಂದ ಬರುವ ಬಸ್ಸಿನ ಹಾರ್ನ್ ಎರಡು ತಿರುವು ಮೊದಲೇ ಕೇಳುತ್ತದೆ. ತಿರುವಿಗೆ ಮುಂಚೆ ಎರಡನೇ ಗೇರು, ಸ್ಟೀರಿಂಗ್ ತುಂಬ ತಿರುಗಿಸಿ, ಮೂಗು ನೇರವಾಗುತ್ತಿದ್ದಂತೆ ಕಾಲು ಒತ್ತಿದರೆ ಮೊದಲು ಒಂದು ಕ್ಷಣ ಏನೂ ಆಗುವುದಿಲ್ಲ. ಮುಳ್ಳು ಮೂರು ಸಾವಿರ ದಾಟಿದ ಮೇಲೆ ಎಂಜಿನ್ನಿನ ದನಿ ಗಂಟಲಿನಿಂದ ಎದೆಗೆ ಇಳಿಯುತ್ತದೆ, ಸೀಟು ಬೆನ್ನನ್ನು ತಳ್ಳುತ್ತದೆ. ಹೈಡ್ರಾಲಿಕ್ ಸ್ಟೀರಿಂಗಿನಲ್ಲಿ ಮುಂದಿನ ಚಕ್ರ ತುಳಿದ ಪ್ರತಿಯೊಂದು ಜಲ್ಲಿಕಲ್ಲು ಬೆರಳಿಗೆ ಬರುತ್ತದೆ. ತಮ್ಮ ಬಾಡಿಗೆಗೆ ತಂದಿದ್ದ ಹೊಸ ಕಾರಿನಲ್ಲಿ ಅದೇ ದಾರಿ ಹತ್ತಿದ್ದೇನೆ. ಅದು ಹಗುರ, ಸುಲಭ, ಹೆಚ್ಚು ಸುರಕ್ಷಿತ ಕೂಡ. ಅದರ ಆರು ಏರ್‌ಬ್ಯಾಗು ನನ್ನದರಲ್ಲಿಲ್ಲ ಎಂಬುದನ್ನು ಮರೆತು ನಾನು ಓಡಿಸುವುದಿಲ್ಲ. ಆದರೆ ಅದರ ಸ್ಟೀರಿಂಗು ನನಗೆ ರಸ್ತೆಯ ಸುದ್ದಿ ಏನೂ ಹೇಳಲಿಲ್ಲ.

ಈ ಮೋಜಿಗೆ ವೇಗ ಬೇಡ. ಆ ತಿರುವುಗಳಲ್ಲಿ ನನ್ನ ವೇಗ ನಲವತ್ತು ಮುಟ್ಟುವುದಿಲ್ಲ. ನೂರು ಅಶ್ವಶಕ್ತಿ ಇವತ್ತು ಯಾವ ದೊಡ್ಡ ಸಂಖ್ಯೆಯೂ ಅಲ್ಲ. ಹೊಸ ಕಾರುಗಳು ಹಾಡು ಕೇಳಿಕೊಂಡು ಅದನ್ನು ಹಿಂದೆ ಹಾಕುತ್ತವೆ. ಹಳೆಯದರ ಶಕ್ತಿ ಹಂತ ಹಂತವಾಗಿ ಬರುತ್ತದೆ. ಅದು ಬರುವ ಮೊದಲು ಕೇಳಿಸುತ್ತದೆ, ಅದನ್ನು ಕರೆಯಬೇಕಾದದ್ದು ನಾನು. ಮೂರೂವರೆ ವರ್ಷದಿಂದ ಒಂದು ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಸಿಕ್ಕಿಬಿದ್ದವಳಿಗೆ, ಕಾಲಿನಿಂದ ಕೇಳಿದ್ದಕ್ಕೆ ಅರೆಕ್ಷಣದಲ್ಲಿ ಉತ್ತರ ಕೊಡುವ ಯಾವುದಾದರೂ ಒಂದು ವಸ್ತು ಜಗತ್ತಿನಲ್ಲಿರುವುದು ಎಂಥ ಸುಖ ಎಂದು ಸಂಶೋಧನೆ ಮಾಡುವವರಿಗೆ ವಿವರಿಸಬೇಕಿಲ್ಲ. ಈ ಸುಖಕ್ಕೆ ಪರಂಪರೆ, ಪರಿಸರ, ಪಿತೃಭಕ್ತಿ ಯಾವುದರ ಶಿಫಾರಸು ಪತ್ರವೂ ಬೇಡ. ಸಂಗೀತ ಕಛೇರಿಗೆ ಹೋಗುವವರನ್ನು ಟಿಕೆಟ್ಟಿನ ದುಡ್ಡು ವಸೂಲಾಯಿತೇ ಎಂದು ನಾವು ಕೇಳುವುದಿಲ್ಲ.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಎರಡು ವಾರದ ಹಿಂದೆ ಊರಿಗೆ ಹೋದಾಗ ಈ ಬರಹಕ್ಕೆಂದೇ ನೋಟ್‌ಬುಕ್ ಹರಡಿಕೊಂಡು ಕೂಡಿಸುತ್ತಿದ್ದೆ. ಅಮ್ಮ ಅಡಿಕೆ ಸುಲಿಯುತ್ತಿದ್ದವಳು, "ಎಷ್ಟಾಯ್ತೆ?" ಎಂದಳು. ಹೇಳಿದೆ. "ನಂದು ಸೇರ್ಸಿದ್ಯಾ?" ಎಂದಳು. ಅರ್ಥವಾಗಲಿಲ್ಲ. ಅಮ್ಮನಿಗೆ ಈ ಕಾರು ಕಂಡರೆ ಆಗುವುದಿಲ್ಲ, ಘಾಟಿಯಲ್ಲಿ ವಾಂತಿ ಬರುತ್ತದೆ, ಮುಂದಿನ ಸೀಟಿನಲ್ಲಿ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂರುತ್ತಾಳೆ. "2016ರಲ್ಲಿ ಕ್ಲಚ್ಚು, ಮುಂದಿನ ಸಸ್ಪೆನ್ಷನ್ನು ಒಟ್ಟಿಗೆ ಹೋಯ್ತಲ್ಲ. ಆ ವರ್ಷ ನನ್ನ ಹಲ್ಲು ಕಟ್ಟಿಸ್ಬೇಕು ಅಂತ ಇತ್ತು. ಮುಂದಿನ ವರ್ಷ ಮಾಡ್ಸಣ ಅಂದ್ರು ನಿಮ್ಮಪ್ಪ. ಅದೂ ಬರಿ ಅದ್ರಲ್ಲಿ." ಸಿಟ್ಟಿನಿಂದ ಹೇಳಲಿಲ್ಲ. ಕತ್ತಿಯ ಮೇಲಿನ ಕೈಯನ್ನೂ ನಿಲ್ಲಿಸಲಿಲ್ಲ.

ನೋಟ್‌ಬುಕ್ಕಿನ 2016ರ ಪುಟ ತೆಗೆದೆ. ಅಪ್ಪನ ಮುದ್ದಾದ ಅಕ್ಷರದಲ್ಲಿ ಕ್ಲಚ್ ಸೆಟ್ 14,200, ಸಸ್ಪೆನ್ಷನ್ ಕೆಲಸ 21,000. ಕೂಡಿದರೆ 35,200. ಆ ಕಾಲಂಗಳಲ್ಲಿ ಹಲ್ಲಿಗೆ ಜಾಗವಿರಲಿಲ್ಲ. ಒಂಬತ್ತು ವರ್ಷ ಅಮ್ಮ ಎಡಗಡೆ ಮಾತ್ರ ಅಗಿಯುತ್ತಿದ್ದಾಳೆ ಎಂಬುದು ನನಗೆ ಗೊತ್ತಿತ್ತು, ಎಡಗೈ ಬಳಸುವವರು ಇರುವಂತೆ ಅದೂ ಒಂದು ಅಭ್ಯಾಸ ಎಂದುಕೊಂಡಿದ್ದೆ. ಗಂಡಸರ 'ಹುಚ್ಚು' ಇಷ್ಟು ಲಕ್ಷಣವಾಗಿ ಕಾಣುವುದು ಅದರ ಒಂದು ಕಂತನ್ನು ಮನೆಯೊಳಗೆ ಬೇರೆ ಯಾರೋ ಸದ್ದಿಲ್ಲದೆ ಕಟ್ಟುತ್ತಿರುವುದರಿಂದ. ಇದನ್ನು ಹಳೆ ಕಾರಿನ ಬಗ್ಗೆ ಕಣ್ಣು ತುಂಬಿ ಬರೆಯುವವರು ಯಾರೂ ಬರೆದದ್ದನ್ನು ನಾನು ಓದಿಲ್ಲ. ಅಪ್ಪನಿಗೆ ಹೇಳಿದೆ. ಅವನು ಪೇಪರ್ ಮಡಚಿ, "ಮುಂದಿನ ವರ್ಷ ಅಂದಿದ್ದೆ ಹೌದು," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ವರ್ಷ ರೇಡಿಯೇಟರ್ ಹೋಯ್ತು," ಎಂದ.

ನನ್ನ ಸುಖಕ್ಕೆ ಕಾರಣ ಬೇಕಿಲ್ಲ ಎಂದು ಮೇಲೆ ಬರೆದದ್ದನ್ನು ನಾನು ಹೊಡೆದುಹಾಕುವುದಿಲ್ಲ. ಕಾರಣ ಬೇಡ, ಲೆಕ್ಕ ಬೇಕು. ಲೆಕ್ಕವೆಂದರೆ ತಮ್ಮ ಮಾಡುವ ಮೈಲೇಜು-ಕಂತಿನ ಲೆಕ್ಕ ಸಾಲದು. ಮಠದ ಕಡತಗಳಲ್ಲಿ ಯಾರಿಗೆ ಎಷ್ಟು ಸಂದಿತು ಎಂಬುದನ್ನು ಹುಡುಕುತ್ತಾ ಕಣ್ಣು ಹಾಳುಮಾಡಿಕೊಂಡವಳು ನಾನು. ಯಾರಿಗೆ ಸಲ್ಲಲಿಲ್ಲ ಎಂಬ ಕಾಲಂ ಅವುಗಳಲ್ಲೂ ಇಲ್ಲ.

ಈಗ ಕಾರು ಭಾಯ್ ಗ್ಯಾರೇಜಿನಲ್ಲಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಕೂಲೆಂಟ್ ಆಯಿಲಿಗೆ ಸೇರಿ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ. ತಪ್ಪು ಕಾರು ಮಾಡಿದವರದ್ದಲ್ಲ, ವಯಸ್ಸಿನದು. ಬಿಸಿಯಾಗುತ್ತಿದ್ದ ಆ ದಿನಗಳಲ್ಲಿ ಎರಡು ಸಲ ಹೆಚ್ಚಿಗೆ ಓಡಿಸಿದ ನನ್ನದೂ ಹೌದು. ಹೆಡ್ಡು ಬಿಚ್ಚಿ, ಲೇತಿಗೆ ಕೊಟ್ಟು ಮಟ್ಟ ಮಾಡಿಸಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಸಾಮಾನು ಹುಡುಕಿ ತಂದು ಕೂರಿಸಲು 38,500 ಎಂದಿದ್ದಾರೆ. ಹಾಗೇ ಗುಜರಿಗೆ ಕೊಟ್ಟರೆ 32,000 ಬರುತ್ತದಂತೆ. ತಿಂಗಳಿಗೆ 42,000ದ ನನ್ನ ಫೆಲೋಶಿಪ್ಪಿಗೆ ಇನ್ನು ಹನ್ನೊಂದು ತಿಂಗಳ ಆಯಸ್ಸಿದೆ, ಅದರಲ್ಲೂ ಮೂರು ತಿಂಗಳದ್ದು ಬರಬೇಕು. ಆಮೇಲೆ ಅತಿಥಿ ಉಪನ್ಯಾಸಕಿ ಕೆಲಸ ಸಿಕ್ಕರೆ ಸಿಕ್ಕಿತು.

ಭಾಯ್‌ಗೆ ಫೋನ್ ಮಾಡಿ ಸದ್ಯಕ್ಕೆ ಬಿಚ್ಚಬೇಡಿ, ಮೂಲೆಯಲ್ಲಿ ನಿಲ್ಲಿಸಿ, ಮೇಲೆ ಟಾರ್ಪಾಲು ಹಾಕಿ, ಎರಡು ತಿಂಗಳು ಬಿಟ್ಟು ಬರುತ್ತೇನೆ ಎಂದೆ. "ಇಲಿ ನೋಡ್ಕೋಬೇಕು ಅಮ್ಮಾ," ಎಂದರು. ನೋಟ್‌ಬುಕ್ಕಿನಲ್ಲಿ ಐದನೇ ಕಾಲಂ ಒಂದು ಎಳೆದು, 2016ರ ಎದುರು 'ಅಮ್ಮನ ಹಲ್ಲು' ಎಂದು ಬರೆದಿದ್ದೇನೆ. ಅದರ ಮುಂದಿನ ಮೊತ್ತ ಇನ್ನೂ ಗೊತ್ತಿಲ್ಲ. ಗುರುವಾರ ಅಮ್ಮನನ್ನು ಶಿವಮೊಗ್ಗದ ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ಬೆಳಿಗ್ಗೆ ಎಂಟರ ಸರ್ಕಾರಿ ಬಸ್ಸಿಗೆ ಹೋಗುತ್ತೇವೆ, ಇಬ್ಬರಿಗೂ ಸೊನ್ನೆ ಟಿಕೆಟ್ಟು. ಬಸ್ಸಿನಲ್ಲಾದರೆ ವಾಂತಿ ಬರುವುದಿಲ್ಲ ಎನ್ನುತ್ತಾಳೆ.